ಹುಚ್ಚಮ್ಮನ ಎರಡು ಆಷಾಢ

ಬೀರೂರು, ೧೯೧೨ನೆಯ ಇಸವಿ
ಪರಿಧಾವಿ ಸಂವತ್ಸರ, ಜ್ಯೇಷ್ಠ ಬಹುಳ ದಶಮಿ, ಸೋಮವಾರ

ಬಯ್ಯುವುದನ್ನೆಲ್ಲ ಇನ್ನು ಮೇಲೆ ಈ ಪುಸ್ತಕದಲ್ಲೇ ಬಯ್ಯಬೇಕಂತೆ. ಕಡೂರಿನಿಂದ ಬಂದ ನನ್ನ ತಮ್ಮ ಕರಿಸಿದ್ದಪ್ಪ ರಟ್ಟು ಹಾಕಿಸಿದ ಈ ಖಾಲಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ, “ಅಕ್ಕ, ನಿನ್ನ ಬಾಯಿಗೆ ಹೆದ್ರಿ ಈಗಾಗ್ಲೇ ಎರಡು ಸಂಸಾರ ಬಾಡಿಗೆ ಮನೆ ಬಿಟ್ಟು ಓಡಿದ್ವು. ಇನ್ನು ಬರೋರಾದ್ರೂ ನಿಲ್ಲಲಿ. ಕೋಪ ಬಂದ್ರೆ ಬಾಯಿ ಮುಚ್ಕೊಂಡು ಇದ್ರಲ್ಲಿ ಬರಿ” ಎಂದ. ಅಪ್ಪ ನನಗೆ ಅಕ್ಷರ ಕಲಿಸಿದ್ದು ಇದಕ್ಕೇ ಇರಬೇಕು. ಆಗಲಿ, ಬರೆಯುತ್ತೇನೆ. ಮೊದಲನೆಯ ಬೈಗುಳ ಅವನಿಗೇ. ಅವನು ತಂದ ಶಾಯಿ ನೀರು ನೀರಾಗಿದೆ. ಬರೆದದ್ದು ನನಗೇ ಮಬ್ಬಾಗಿ ಕಾಣುತ್ತದೆ.

ನಮ್ಮ ಯಜಮಾನರು ಲಿಂಗೈಕ್ಯರಾದ ಮೇಲೆ ಈ ದೊಡ್ಡ ಮನೆಯಲ್ಲಿ ನಾನೊಬ್ಬಳೇ. ಬೀದಿಯ ಕಡೆಯ ಪಡಸಾಲೆ, ಎರಡು ಕೋಣೆ, ಒಂದು ಅಡುಗೆಮನೆ ನನಗೆ. ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆ ಬಾಡಿಗೆಗೆ. ಆ ಹಿಂದಿನ ಅಡುಗೆಮನೆಯ ಅಟ್ಟದ ಮೇಲೆ ನಮ್ಮ ತೋಟದ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುತ್ತವೆ. ಕೆಳಗೆ ದಿನವೂ ಒಲೆ ಉರಿದು ಹೊಗೆ ಮೇಲಕ್ಕೇರುತ್ತಿರಬೇಕು, ಇಲ್ಲದಿದ್ದರೆ ಕಾಯಿ ಕೊಳೆಯುತ್ತವೆ. ನನಗೆ ಬಾಡಿಗೆಯವರಿಗಿಂತ ಅವರ ಒಲೆ ಮುಖ್ಯ.

ಈಗ ಅಲ್ಲಿರುವವರು ಹನುಮಂತಪ್ಪ ಮತ್ತು ಅವನ ಹೆಂಡತಿ ಹುಚ್ಚಮ್ಮ. ಲಿಂಗದಹಳ್ಳಿ ಕಡೆಯ ಒಕ್ಕಲು ಮಕ್ಕಳು. ಅವನಿಗೆ ಸ್ಟೇಷನ್ನಿನಲ್ಲಿ ರೈಲಿನ ಹಳಿ ತಿರುಗಿಸುವ ಕೆಲಸ. ಅವನೇನೋ ಸಾಧು. ಅವಳ ಬಾಯಿ ಮಾತ್ರ, ಶಿವ ಶಿವಾ! ನಕ್ಕರೆ ಜಂಕ್ಷನ್ನಿಗೆ ಕೇಳಿಸಬೇಕು. ಬಂದದ್ದು, ಹೋದದ್ದು, ಇಟ್ಟದ್ದು, ತೆಗೆದದ್ದು ಎಲ್ಲವನ್ನೂ ಡಂಗುರ ಹೊಡೆಯುತ್ತಾಳೆ. “ಅಮ್ನೋರೆ, ನಾನು ಹುಚ್ಚಮ್ಮ ಬಂದೆ! ನೀರಿನ ಕೊಡ ಬಾಗ್ಲ ಬಲಗಡೆ ಇಟ್ಟೀನಿ! ಒನಕೆ ಗೋಡೆಗೆ ಒರಗ್ಸೀನಿ!” ನನಗೇನು ಕಣ್ಣಿಲ್ಲವೇ?

ಇವತ್ತು ಕರಿಸಿದ್ದಪ್ಪನ ಜೊತೆಗೆ ಅಜ್ಜಂಪುರದ ಮಲ್ಲಿಕಾರ್ಜುನಪ್ಪನವರು ಬಂದಿದ್ದರು. ನಮ್ಮವರೇ, ನಮ್ಮ ಮಠಕ್ಕೇ ನಡೆದುಕೊಳ್ಳುವವರು. ಜಂಕ್ಷನ್ ಹತ್ತಿರ ವ್ಯಾಪಾರ ಇಡಬೇಕು, ಹೆಂಡತಿ ಮಕ್ಕಳನ್ನು ಕರೆತರಬೇಕು ಎಂದರು. “ನಮ್ಮ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬಾವಿಯ ನೀರು ನಿಮ್ಮದು” ಎಂದು ವೀಳ್ಯ ಕೊಟ್ಟುಬಿಟ್ಟೆ. ವೀಳ್ಯ ಕೊಟ್ಟ ಮೇಲೆ ಮಾತು ಮುಗಿಯಿತು. ಹುಚ್ಚಮ್ಮನ ಗಂಟಲಿನಿಂದ ನನ್ನ ಕಿವಿಗೆ ಬಿಡುಗಡೆ.

ಜ್ಯೇಷ್ಠ ಬಹುಳ ತ್ರಯೋದಶಿ, ಗುರುವಾರ

ಹೇಳಿಯಾಯಿತು. ಅಮಾವಾಸ್ಯೆಯೊಳಗೆ ಮನೆ ಖಾಲಿ ಮಾಡಿ ಎಂದೆ. ಅತ್ತು ಕರೆದು ರಂಪ ಮಾಡುತ್ತಾಳೆಂದು ಒಂದು ಮೂಟೆ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಅವಳು “ಆಗ್ಲಿ ಬಿಡಿ ಅಮ್ನೋರೆ, ನಿಮ್ ಮನೆ, ನಿಮ್ಮಿಷ್ಟ” ಎಂದು ನಕ್ಕಳು. ನನ್ನ ಉತ್ತರವೆಲ್ಲ ದಂಡವಾಯಿತು.

ಹನುಮಂತಪ್ಪ ತಲೆ ಕೆರೆದುಕೊಂಡ. “ನಾಡಿದ್ದೇ ಅಮಾಸೆ ಅಮ್ನೋರೆ. ಆಚೆಗೆ ಆಷಾಢ ಹಿಡೀತದೆ. ಆಷಾಢದಾಗೆ ಯಾರು ಮನೆ ಬಿಡ್ತಾರೆ, ಯಾರು ಹೊಸ ಮನೆಗೆ ಹಾಲುಕ್ಕಿಸ್ತಾರೆ?”

ಅದೂ ನಿಜವೇ. ಆಷಾಢದಲ್ಲಿ ಹಗೆಯನ್ನಾದರೂ ಮನೆ ಬಿಡಿಸಬಾರದು. ಒಂದು ತಿಂಗಳು ತಾನೇ, ಇರಲಿ ಎಂದೆ. ಅಜ್ಜಂಪುರದವರಿಗೂ ಹಾಗೆಯೇ ಹೇಳಿ ಕಳಿಸಿದ್ದೇನೆ. ಒಂದು ತಿಂಗಳು ಕಿವಿಗೆ ಅರಳೆ ತುರುಕಿಕೊಂಡರಾಯಿತು.

ಅಧಿಕ ಆಷಾಢ ಶುದ್ಧ ಪಾಡ್ಯ, ಭಾನುವಾರ

ನನ್ನ ಬುದ್ಧಿಗೆ ಮಣ್ಣು ಬೀಳಲಿ! ಮಠದ ಅಯ್ಯನವರು ಭಿಕ್ಷಕ್ಕೆ ಬಂದಿದ್ದರು. ಒಂದು ತಿಂಗಳು ಕಳೆದರೆ ಹೊಸ ಬಾಡಿಗೆಯವರು ಬರುತ್ತಾರೆಂದು ಹೇಳಿದೆ. “ಏನವ್ವಾ ತೀರ್ಥಮ್ಮ, ಒಂದು ತಿಂಗಳು ಹೆಂಗಾಯ್ತು? ಈ ವರ್ಷ ಅಧಿಕ ಆಷಾಢ. ಇದು ಕಳೀಬೇಕು, ಆಮೇಲೆ ನಿಜ ಆಷಾಢ ಕಳೀಬೇಕು. ಯುಗಾದಿ ದಿನ ಪಂಚಾಂಗ ಕೇಳ್ಲಿಲ್ವಾ?” ಎಂದರು.

ಕೇಳುತ್ತಾ ಕೂತಿದ್ದೆ. ಹೋಳಿಗೆ ಉಂಡ ಹೊಟ್ಟೆ. ಚೈತ್ರ, ವೈಶಾಖ ದಾಟುವುದರೊಳಗೆ ಕಂಬಕ್ಕೊರಗಿ ನಿದ್ದೆ ಹೋಗಿದ್ದೆ.

ಹುಚ್ಚಮ್ಮನಿಗೆ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೀವು ಓಡಿಸ್ಬೇಕು ಅಂತೀರಿ, ಶಿವ ನಮಗೆ ಇನ್ನೊಂದು ಆಷಾಢ ಮಾಡ್ಕೊಟ್ಟವ್ನೆ!” ಅಜ್ಜಂಪುರದವರು ಕಾಯುತ್ತೇವೆ, ವೀಳ್ಯ ತಗೊಂಡ ಮೇಲೆ ಬೇರೆ ಮನೆ ನೋಡುವುದಿಲ್ಲ ಎಂದರಂತೆ. ಮರ್ಯಾದಸ್ಥರು.

ಅಧಿಕ ಆಷಾಢ ಶುದ್ಧ ಪಂಚಮಿ, ಗುರುವಾರ

ಹಿತ್ತಿಲ ಮೆಟ್ಟಿಲುಗಳ ಅಂಚಿಗೆಲ್ಲ ಯಾರೋ ಸುಣ್ಣದ ಪಟ್ಟೆ ಬಳಿದಿದ್ದಾರೆ. ಯಾರೋ ಏನು, ಅವಳೇ. “ಏನೇ ಇದು, ನನ್ನ ಮನೆ ಮೆಟ್ಲಿಗೆ ವಿಭೂತಿ ಹಚ್ಚೀಯ?” ಎಂದು ಗದರಿದೆ. “ನಮ್ ಮನೆಯೋರು ಕತ್ಲಾಗೆ ಡ್ಯೂಟಿಗೆ ಹೋಗ್ತಾರಲ್ಲ ಅಮ್ನೋರೆ, ಮುಗ್ಗರಿಸ್ತಾರೆ” ಎಂದಳು. ಅವನ ಕೈಯಲ್ಲಿ ರೈಲ್ವೆಯವರ ಲಾಟೀನು ಇರುತ್ತದಲ್ಲ! ಎಂಥ ಸುಳ್ಳು.

ಪಟ್ಟೆಯೇನೋ ನೇರವಾಗಿದೆ.

ಅಧಿಕ ಆಷಾಢ ಶುದ್ಧ ದ್ವಾದಶಿ, ಗುರುವಾರ

ಈಗ ಹಗ್ಗ. ಹಿತ್ತಿಲ ಬಾಗಿಲಿನಿಂದ ಬಾವಿಯ ಕಂಬದವರೆಗೆ ಸೊಂಟದೆತ್ತರಕ್ಕೆ ಎಳೆದು ಕಟ್ಟಿದ್ದಾಳೆ. ಬಟ್ಟೆ ಒಣಗಿಸಲಿಕ್ಕಂತೆ. ಮೂರು ಹೊತ್ತೂ ನೋಡುತ್ತಿದ್ದೇನೆ, ಒಂದು ಚಿಂದಿಯನ್ನೂ ಅದರ ಮೇಲೆ ಹಾಕಿಲ್ಲ. ಬಿಚ್ಚೇ ಎಂದರೆ “ನಾಳಿಕೆ ಬಿಚ್ತೀನಿ” ಎನ್ನುತ್ತಾಳೆ. ಅವಳ ನಾಳೆ ಬರುವುದರೊಳಗೆ ನಿಜ ಆಷಾಢವೂ ಮುಗಿದಿರುತ್ತದೆ.

ಶೆಟ್ಟರ ಅಂಗಡಿಯ ಅಕ್ಕಿಯಲ್ಲಿ ಈಚೆಗೆ ಬರಿಯ ಕಲ್ಲು. ನಾನೇ ಆರಿಸಿದ ಅಕ್ಕಿ, ಅನ್ನ ಬಾಯಿಗಿಟ್ಟರೆ ಕಟಕ್ ಎನ್ನುತ್ತದೆ. ಹುಚ್ಚಮ್ಮ “ಕೊಡಿ ಇತ್ಲಾಗೆ, ನಂಗೆ ಕೂತು ಕೂತು ಬ್ಯಾಸರ” ಎಂದು ಮೊರ ಕಿತ್ತುಕೊಂಡು ಹೋದಳು. ಆಮೇಲೆ ಕಲ್ಲು ಸಿಕ್ಕಲಿಲ್ಲ. ಶೆಟ್ಟರಿಗೆ ನನ್ನ ಬೈಗುಳ ಮುಟ್ಟಿರಬೇಕು.

ಅಧಿಕ ಆಷಾಢ ಬಹುಳ ಅಷ್ಟಮಿ, ಭಾನುವಾರ

ಮನೆಯೊಳಗೆ ಮಾಂಸ ಬೇಯಿಸಕೂಡದೆಂದು ಬಂದ ದಿನವೇ ಕರಾರು ಮಾಡಿದ್ದೆ. ಆದರೂ ಭಾನುವಾರ ಬಂದರೆ ನನಗೆ ಗುಮಾನಿ. ಇವತ್ತು ಹೇಳದೆ ಕೇಳದೆ ಅವರ ಅಡುಗೆಮನೆಗೆ ನುಗ್ಗಿದೆ. ಹನುಮಂತಪ್ಪ ರಾಗಿ ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಿದ್ದ. ಎದ್ದು ನಿಲ್ಲಲು ಹೋದ. ನನಗೇ ನಾಚಿಕೆಯಾಗಿ ಕಾಯಿ ನೋಡಲು ಬಂದೆ ಎಂದೆ. “ಬನ್ನಿ ಬನ್ನಿ, ನಾಲ್ಕು ಇಳಿಸ್ಕೊಡ್ತೀನಿ” ಎಂದು ಹುಚ್ಚಮ್ಮ ಏಣಿ ಹತ್ತಿದಳು. ನಾನು ಯಾಕೆ ಬಂದೆನೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳಲಿಲ್ಲ. ಆ ಗುಣ ದೊಡ್ಡ ದೊಡ್ಡ ಮನೆಯ ಹೆಂಗಸರಿಗೂ ಇರುವುದಿಲ್ಲ.

ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿದೆ. ಗಡಗಡ ಎಂದಿತು. ಒಂದರಲ್ಲೂ ನೀರಿಲ್ಲ, ಒಂದೂ ಕೊಳೆತಿಲ್ಲ. ಈ ಮನೆಗೆ ಬಂದು ಇಷ್ಟು ಕಾಲವಾಯಿತು, ಇಂಥ ಹದವಾದ ಒಲೆ ಯಾವ ಬಾಡಿಗೆಯವಳೂ ಇಟ್ಟಿಲ್ಲ. ಇದ್ದದ್ದನ್ನು ಇದ್ದಹಾಗೆ ಬರೆಯಬೇಕಲ್ಲ, ಬರೆದಿದ್ದೇನೆ. ಅವಳಿಗೆ ಹೇಳಲಿಲ್ಲ. ತಲೆಗೇರುತ್ತದೆ.

ನಿಜ ಆಷಾಢ ಶುದ್ಧ ಬಿದಿಗೆ, ಮಂಗಳವಾರ

ಹುಚ್ಚಮ್ಮ ಅಣ್ಣನ ಮನೆಗೆಂದು ಲಿಂಗದಹಳ್ಳಿಗೆ ಹೋಗಿದ್ದಾಳೆ. ಅಬ್ಬಾ, ಮನೆ ತಣ್ಣಗಿದೆ.

ಶುದ್ಧ ಚೌತಿ, ಗುರುವಾರ

ತೀರಾ ತಣ್ಣಗಿದೆ. ಕೊಡ ಎಡವಿ ಪಡಸಾಲೆ ತುಂಬ ನೀರು. ಅದನ್ನು ಅಲ್ಲಿಟ್ಟವಳು ನಾನೇ.

ಶುದ್ಧ ಸಪ್ತಮಿ, ಭಾನುವಾರ

ಬಂದಳು. ಬೀದಿಯ ಕೊನೆಯಿಂದಲೇ “ಅಮ್ನೋರೆ, ನಾನು ಹುಚ್ಚಮ್ಮ!” ಎಂದು ಕೂಗಿಕೊಂಡು ಬಂದಳು. ಊರಿಗೆಲ್ಲ ಕೇಳುವ ಹಾಗೆ ಏನೇ ಅದು ಎಂದು ಬೈದೆ. ಜೇನುತುಪ್ಪ ತಂದಿದ್ದಾಳೆ. ನನ್ನ ಕೈ ಹಿಡಿದು, ನಿನ್ನೆ ಒಲೆಗೆ ತಗಲಿ ಸುಟ್ಟ ಬೆರಳನ್ನು ನೋಡಿ, ಏನೂ ಕೇಳದೆ, ಅದರ ಮೇಲೆ ಅದೇ ಜೇನು ಸವರಿದಳು.

ಶುದ್ಧ ದ್ವಾದಶಿ, ಶುಕ್ರವಾರ

ಮಲ್ಲಿಕಾರ್ಜುನಪ್ಪನವರ ಹೆಂಡತಿ ಕರಿಬಸಮ್ಮ ಅಜ್ಜಂಪುರದಿಂದ ಮನೆ ನೋಡಲು ಬಂದಿದ್ದರು. ಒಳ್ಳೆಯ ಹೆಂಗಸು. ಮೆತ್ತಗೆ ಮಾತು, ಮೆತ್ತಗೆ ಹೆಜ್ಜೆ. ಪಕ್ಕದಲ್ಲಿ ಬಂದು ನಿಂತರೂ ಗೊತ್ತಾಗುವುದಿಲ್ಲ. ಎರಡು ಸಲ ಬೆಚ್ಚಿಬಿದ್ದೆ.

ಬಂದವರು ಸುಮ್ಮನೆ ಕೂರಲಿಲ್ಲ. “ತೀರ್ಥಕ್ಕ, ನೀವು ಒಬ್ರೇ ಎಷ್ಟಂತ ಮಾಡ್ತೀರಿ” ಎಂದು ಸೆರಗು ಸಿಕ್ಕಿಸಿಕೊಂಡು ಹಿತ್ತಿಲನ್ನೆಲ್ಲ ಓರಣ ಮಾಡಿದರು. ಕೊಡಗಳನ್ನು ಸಾಲಾಗಿ ಜೋಡಿಸಿದರು. ಮೆಟ್ಟಿಲಿನ ಸುಣ್ಣವನ್ನು ತಿಕ್ಕಿ ತೊಳೆದರು. ಕೆಲಸಕ್ಕೆ ಬಾರದ ಹಗ್ಗವನ್ನು ಬಿಚ್ಚಿ ಸುತ್ತಿಟ್ಟರು. ಹುಚ್ಚಮ್ಮ ಸ್ಟೇಷನ್ನಿನ ನೀರಿನ ಟ್ಯಾಂಕಿನ ಹತ್ತಿರ ಗಂಡನಿಗೆ ಬುತ್ತಿ ಕೊಡಲು ಹೋದವಳು ಕತ್ತಲಾದ ಮೇಲೆ ಬಂದಳು. ನಮ್ಮವರ ಕೈಕೆಲಸವೇ ಬೇರೆ ಎಂದು ನನಗೆ ಹೆಮ್ಮೆಯಾಯಿತು.

ಶುದ್ಧ ತ್ರಯೋದಶಿ, ಶನಿವಾರ



ಬೆಳಗ್ಗೆ ನೀರಿಗೆಂದು ಹಿತ್ತಿಲ ಬಾಗಿಲು ದಾಟಿದೆ. ಮೆಟ್ಟಿಲು ಎಲ್ಲಿ ಮುಗಿಯಿತೋ ತಿಳಿಯದೆ ಮುಗ್ಗರಿಸಿದೆ. ಎದ್ದು ಕೈ ಚಾಚಿದೆ, ಹಗ್ಗವಿಲ್ಲ. ಬಿಸಿಲು ಮಂಜು ಎಲ್ಲ ಒಂದೇ ಬಿಳುಪು. ಬಾವಿ ಇರಬೇಕಾದ ಕಡೆ ಗೋಡೆ ತಗಲಿತು. ತಿರುಗಿದೆ, ಎತ್ತ ತಿರುಗಿದೆನೋ ಗೊತ್ತಾಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ನಡೆದಾಡಿದ ಹಿತ್ತಿಲು. ಅದರ ನಡುವೆ ದಾರಿ ತಪ್ಪಿದ ದನದ ಹಾಗೆ ನಿಂತಿದ್ದೆ. ಹೆದರಿಕೆಯಾಯಿತು. ಕೂಗಲು ನಾಚಿಕೆಯಾಯಿತು.

“ಅಮ್ನೋರೆ! ಅಲ್ಲೇ ನಿಲ್ರಿ! ಕಾಲು ಎತ್ತಬ್ಯಾಡಿ!”

ಹುಚ್ಚಮ್ಮ ಓಡಿ ಬಂದು ನನ್ನ ರಟ್ಟೆ ಹಿಡಿದಳು. ಅವಳ ಎದೆ ಡವಡವ ಹೊಡೆದುಕೊಳ್ಳುವುದು ನನಗೆ ಕೇಳುತ್ತಿತ್ತು. ನನ್ನ ಕೈಯನ್ನು ಕೆಳಗಿಳಿಸಿ ತಣ್ಣನೆಯ ಕಲ್ಲಿನ ಮೇಲಿಟ್ಟಳು. ಬಾವಿಯ ಕಟ್ಟೆ. ಮೊಣಕಾಲಿನಷ್ಟೂ ಎತ್ತರವಿಲ್ಲದ ಕಟ್ಟೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಈ ಪುಸ್ತಕಕ್ಕೆ ಇವತ್ತಿನ ಬರಹವಿರುತ್ತಿರಲಿಲ್ಲ.

ಅವಳು ನಗಲಿಲ್ಲ. ಕಟ್ಟೆಯ ಪಕ್ಕದಲ್ಲಿ ಇಬ್ಬರೂ ಕೂತೆವು. “ಸುಣ್ಣ ಬಳಿದದ್ದು ನನಗೆ. ಹಗ್ಗ ಕಟ್ಟಿದ್ದು ನನಗೆ. ಅಲ್ವೇನೇ?” ಎಂದೆ. ನನ್ನ ಸೀರೆಯ ಮಣ್ಣು ಕೊಡವಿದಳು. “ಯಾವಾಗಿಂದ ಗೊತ್ತು ನಿಂಗೆ?”

“ಯುಗಾದಿ ಮಾರ್ನೆ ದಿನ ಎಲ್ಲಾರೂ ಹಿತ್ಲಾಗೆ ನಿಂತು ಚಂದ್ರನ್ನ ನೋಡಿದ್ವಲ್ಲ ಅಮ್ನೋರೆ. ‘ಕಾಣ್ತು, ಕಾಣ್ತು’ ಅಂತ ನೀವೂ ಕೈ ಮುಗಿದ್ರಿ. ಚಂದ್ರ ಪಡುವ್ಲಾಗಿದ್ದ. ನೀವು ಪಕ್ಕದ ಮನೆ ಲಿಂಗಮ್ಮಾರ ತೆಂಗಿನ ಮರಕ್ಕೆ ಕೈ ಮುಗೀತಿದ್ರಿ.”

“ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ಕಣ್ಣು ಬತ್ತಿತ್ತಾ? ಸಿಟ್ಟು ಬತ್ತಿತ್ತು.”

ನನಗೆ ಅಳು ಬಂತು. ಅವಳೆದುರಿಗೇ ಅತ್ತೆ. ಯಜಮಾನರು ಹೋದಾಗಲೂ ಬಾಡಿಗೆಯವರ ಮುಂದೆ ಕಣ್ಣೀರು ಹಾಕಿದವಳಲ್ಲ ನಾನು. ಬಂದೆ, ಹೋದೆ, ಕೊಡ ಇಟ್ಟೆ, ಒನಕೆ ಒರಗಿಸಿದೆ ಎಂದು ಅವಳು ಕೂಗುತ್ತಿದ್ದುದು ಯಾಕೆಂದು ಈಗ ತಿಳಿಯಿತು. ನಾನು ಬೈಯುತ್ತಿದ್ದಷ್ಟು ದಿನವೂ ಅವಳು ಗಂಟಲಿನಿಂದ ನನಗೆ ದಾರಿ ತೋರಿಸುತ್ತಿದ್ದಳು. ಬೈಸಿಕೊಂಡೂ ನಿಲ್ಲಿಸಲಿಲ್ಲ. ಇಂಥ ಹೆಣ್ಣನ್ನು ನಾನು ಎಲ್ಲೂ ಕಂಡಿಲ್ಲ.

ಹಗ್ಗ ಮತ್ತೆ ಕಟ್ಟಿದ್ದಾಳೆ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ.

ನಿಜ ಆಷಾಢ ಬಹುಳ ಪಂಚಮಿ, ಶನಿವಾರ

ಕರಿಸಿದ್ದಪ್ಪನನ್ನು ಕರೆಸಿ ಕಣ್ಣಿನ ಸಂಗತಿ ಹೇಳಿದೆ. ಪೊರೆ ಬಂದಿರಬೇಕು, ಬೆಂಗಳೂರಿನ ಡಾಕ್ಟರಿಗೆ ತೋರಿಸೋಣ ಎಂದ. ತೋರಿಸೋಣ, ಅದಿರಲಿ, ಮೊದಲು ಅಜ್ಜಂಪುರದವರಿಗೆ ಮನೆ ಇಲ್ಲ ಅಂತ ಹೇಳಿ ಬಾ ಎಂದೆ.

“ಅಕ್ಕ, ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿನ್ನ ವೀಳ್ಯ ನಂಬ್ಕೊಂಡು ಅವ್ರು ಸಿಕ್ಕಿದ್ದ ಎರಡು ಮನೆ ಬಿಟ್ಟವ್ರೆ. ವೀಳ್ಯ ಕೊಟ್ಟು ತಪ್ಪಿದ ಮನೆ ಅಂತ ಅನ್ನಿಸ್ಕೊಳ್ಳೋದಾ? ಭಾವ ಬದುಕಿದ್ರೆ ಏನಂತಿದ್ರು?”

 ಯಜಮಾನರು ಮಾತಿಗೆ ತಪ್ಪಿದವರಲ್ಲ.

“ಕರಿಬಸಮ್ಮ ನಮ್ಮೋರು, ನಿನ್ನ ಚೆನ್ನಾಗಿ ನೋಡ್ಕೊತಾರೆ” ಎಂದೂ ಹೇಳಿದ. ನೋಡಿಕೊಳ್ಳುತ್ತಾರೆ, ಸುಳ್ಳಲ್ಲ. ಕಣ್ಣಿನ ವಿಷಯ ಕೇಳಿದರೆ ಆಕೆ ಮನೆಮಂದಿಯ ಮುಂದೆಲ್ಲ ‘ಅಯ್ಯೋ ಪಾಪ’ ಎನ್ನುತ್ತಾರೆ. ಹುಚ್ಚಮ್ಮ ಒಂದು ದಿನವೂ ಪಾಪ ಎನ್ನಲಿಲ್ಲ.

ಸಂಜೆ ಹನುಮಂತಪ್ಪ ಬಂದು, ತರೀಕೆರೆ ಸ್ಟೇಷನ್ನಿಗೆ ಹೋಗುವುದಾದರೆ ರೈಲ್ವೆಯವರೇ ಹೆಂಚಿನ ಮನೆ ಕೊಡುತ್ತಾರಂತೆ, ಶ್ರಾವಣದ ಮೊದಲ ಸೋಮವಾರದೊಳಗೆ ನಿಮ್ಮ ಮನೆ ಬಿಟ್ಟುಕೊಡುತ್ತೇವೆ ಎಂದ. “ಹೋಗಿ, ಚೆನ್ನಾಗಿರಿ” ಎಂದೆ. ಇರಿ ಎನ್ನಲು ನನಗೇನು ಹಕ್ಕು? ಹೋಗಿ ಎಂದವಳು ನಾನೇ. ಊಟ ಸೇರಲಿಲ್ಲ.

ಬಹುಳ ದಶಮಿ, ಗುರುವಾರ

ಪಕ್ಕದ ಮನೆಯ ಲಿಂಗಮ್ಮನ ಜೊತೆ ನನಗೆ ಮಾತಿಲ್ಲ. ಚರಂಡಿ ನೀರಿನ ಜಗಳ, ಹಳೆಯದು. ಇವತ್ತು ಅವಳೇ ಗೋಡೆಯಾಚೆಯಿಂದ ಕರೆದಳು.

“ಏನಮ್ಮಾ ತೀರ್ಥಮ್ಮ, ಮಾತಾಡ್ದಿದ್ರೆ ಬಿಡು, ಕೇಳಿಸ್ಕೋ. ನಿನ್ನ ಬಾಡಿಗೆಯೋರು ನನ್ನ ದನದ ಕೊಟ್ಟಿಗೆ ಕೇಳ್ತಾವ್ರಲ್ಲ, ಏನ್ ಸಮಾಚಾರ?”

“ಕೊಟ್ಟಿಗೇನಾ? ಅವ್ರಿಗೆ ತರೀಕೆರೇಲಿ ಮನೆ ಸಿಕ್ಕೈತೆ” ಎಂದೆ. ಮಾತು ಬಿಟ್ಟದ್ದು ಮರೆತೇಹೋಯಿತು.

“ಅದನ್ನ ಬ್ಯಾಡ ಅಂದ್ರಂತೆ. ಒಂದು ಮೂಲೆ ಸೋರ್ತದೆ ಕಣಮ್ಮ, ಸಗಣಿ ವಾಸನೆ, ಮನುಷ್ಯರು ಇರೋ ಜಾಗ ಅಲ್ಲ ಅಂದೆ. ಹುಚ್ಚಮ್ಮ ಕೇಳ್ಬೇಕಲ್ಲ. ‘ತರೀಕೆರೆಯಿಂದ ಕೂಗಿದ್ರೆ ಅಮ್ನೋರಿಗೆ ಕೇಳಾಕಿಲ್ಲ. ಇಲ್ಲಿಂದಾದ್ರೆ ಗೋಡೆ ಮ್ಯಾಲಿಂದ ಕೂಗ್ಬೋದು’ ಅಂತಾಳೆ. ನಿಂಗೇನಾಗೈತೆ ತೀರ್ಥಮ್ಮ?”

ಕಣ್ಣು ಹೋಗಿದೆ ಎಂದೆ. ಲಿಂಗಮ್ಮ ಗೋಡೆಗೆ ಇನ್ನೂ ಹತ್ತಿರ ಬಂದಳು. ಆಮೇಲೆ “ಚರಂಡಿ ನಾನು ತಿರುಗಿಸ್ಕೊತೀನಿ ಬಿಡು” ಎಂದಳು.

ಹೆಂಚಿನ ಮನೆ ಬಿಟ್ಟು ಕೊಟ್ಟಿಗೆ! ಗಂಡನೂ ಒಪ್ಪಿದ್ದಾನೆ! ಬುದ್ಧಿ ನೆಟ್ಟಗಿದೆಯೇ ಇವರಿಗೆ? ನನ್ನ ಕೈಯಲ್ಲಿ ನಾಲ್ಕು ಒಳ್ಳೆಯ ಮಾತು ಆಡಿಸಿಕೊಂಡವರಲ್ಲ, ನಮ್ಮ ಮಠದವರಲ್ಲ, ನಂಟರಲ್ಲ. ನಾನು ಹೊರಗೆ ಹಾಕಿದವಳು. ಅವಳು ನನ್ನ ಗೋಡೆಯ ಪಕ್ಕದಲ್ಲಿ ಸಗಣಿಯ ಮೇಲೆ ಮಲಗಲು ಹೊರಟಿದ್ದಾಳೆ.  ನಾನು ಬದುಕಿರುವವರೆಗೂ ಹುಚ್ಚಮ್ಮ ಕೊಟ್ಟಿಗೆಯಲ್ಲಿ ಮಲಗಕೂಡದು.

ಭೀಮನ ಅಮಾವಾಸ್ಯೆ, ಸೋಮವಾರ

ವೀಳ್ಯ ಕೊಡುವಾಗ ನಾನು ಏನು ಹೇಳಿದ್ದೆ? ಎರಡು ಕೋಣೆ, ಒಂದು ಅಡುಗೆಮನೆ, ಬಾವಿಯ ನೀರು. ಬೀದಿಯ ಕಡೆಗೂ ಎರಡು ಕೋಣೆ, ಒಂದು ಅಡುಗೆಮನೆ ಇದೆ. ಅದರ ಮೇಲೆ ಪಡಸಾಲೆ ಬೇರೆ. ಅದನ್ನೇ ಅಜ್ಜಂಪುರದವರಿಗೆ ಕೊಡುತ್ತೇನೆ. ವ್ಯಾಪಾರಸ್ಥರಿಗೆ ಬೀದಿಯ ಬಾಗಿಲೇ ಲೇಸು. ಮಾತೂ ಉಳಿಯಿತು.

ಕರಿಸಿದ್ದಪ್ಪ ಕೂಗಾಡಿದ. “ಮತ್ತೆ ನೀನೆಲ್ಲಿ ಇರ್ತೀಯ? ಮನೆ ಯಜಮಾನಿ ಬಾಡಿಗೆಯೋರ ಕೋಣೆಗೆ ಹೋಗಿ ಸೇರ್ಕೊಂತಾಳೆ ಅಂದ್ರೆ ಜನ ಏನಂತಾರೆ? ನಮ್ಮ ಆಚಾರ ಏನಾಗ್ಬೇಕು?”

“ಲೇ, ಜನ ಬಂದು ನನ್ನ ಬಾವಿಗೆ ಬೀಳದ ಹಾಗೆ ಹಿಡ್ಕೊಂತಾರೇನೋ? ನನ್ನ ಲಿಂಗ ನನ್ನ ಕೊರಳಲ್ಲೈತೆ. ನನ್ನ ಒಲೆ ಬೇರೆ ಹೂಡ್ಕೊತೀನಿ. ನಡಿ ಆಚೆ” ಎಂದೆ. ಹೋಗಲಿಲ್ಲ, ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತ.

ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಹಗ್ಗ ಹಿಡಿದು ಹಿಂದಕ್ಕೆ ಹೋದೆ. ಗಂಡ ಹೆಂಡತಿ ಇಬ್ಬರೂ ಪಾತ್ರೆ ಕಟ್ಟುತ್ತಿದ್ದರು. ಮೊದಲು ಬೈದೆ. “ಕೊಟ್ಟಿಗೆಗೆ ಹೋಗ್ತಾಳಂತೆ ಕೊಟ್ಟಿಗೆಗೆ! ನಾನು ಸತ್ತೀನೇನೇ? ಗಂಡನ್ನ ಸಗಣಿ ಮೇಲೆ ಮಲಗಿಸ್ತೀಯೇನೇ, ಮಾನ ಇಲ್ದೋಳೆ!” ಆಮೇಲೆ ಉಸಿರು ಸಿಕ್ಕಿದ ಮೇಲೆ ತಟ್ಟೆ ಮುಂದಿಟ್ಟೆ.

“ಹುಚ್ಚಮ್ಮ, ಬೀದಿ ಕಡೆ ಮನೆ ಅಜ್ಜಂಪುರದೋರಿಗೆ ಬಿಟ್ಟೆ. ನಂಗೆ ಇರಾಕೆ ಜಾಗ ಇಲ್ಲ. ನಿನ್ನ ಎರಡು ಕೋಣೇಲಿ ಒಂದು ನಂಗೆ ಕೊಡ್ತೀಯೇನೇ?”

ಹನುಮಂತಪ್ಪ “ಬಿಡ್ತು ಅನ್ನಿ ಅಮ್ನೋರೆ, ನಿಮ್ ಮನೆ ಇದು” ಎಂದು ತೊದಲಿದ. ಹುಚ್ಚಮ್ಮನ ಸದ್ದೇ ಇಲ್ಲ. ನನಗೆ ಅವಳ ಮುಖ ಕಾಣುವುದಿಲ್ಲ. ಸದ್ದಿಲ್ಲದಿದ್ದರೆ ನನಗೆ ಅವಳು ಇಲ್ಲವೇ ಇಲ್ಲ. ಒಲ್ಲೆ ಎಂದುಬಿಟ್ಟರೆ? ಬೆವರಿಬಿಟ್ಟೆ. ಆಮೇಲೆ ಮೂಗು ಸೀನಿದ ಸದ್ದು ಕೇಳಿತು. ಅಳುತ್ತಿದ್ದಳು.

“ಕೊಡಾಕೇನೋ ಕೊಟ್ಟೇನು” ಎಂದಳು ಕೊನೆಗೆ. “ಆದ್ರೆ ಈ ಹೊಸ ಬಾಡಿಗೆಯೋರ ಬಾಯಿ ಸ್ವಲ್ಪ ಜೋರು.”

ಎಲೆ ಅಡಿಕೆ ತಗೊಂಡಳು. ಜಗಲಿಯ ಮೇಲಿದ್ದ ನನ್ನ ತಮ್ಮನಿಗೂ ಅವಳ ನಗು ಕೇಳಿಸಿರಬೇಕು. ಕೇಳಿಸಲಿ.

ಶ್ರಾವಣ ಶುದ್ಧ ಸಪ್ತಮಿ, ಮೊದಲ ಸೋಮವಾರ

ಅಜ್ಜಂಪುರದವರು ಬಂದರು. ಬೀದಿಯ ಕಡೆ ಹಾಲುಕ್ಕಿಸಿದರು. ಪಡಸಾಲೆ ಸಿಕ್ಕಿದ್ದಕ್ಕೆ ಮಲ್ಲಿಕಾರ್ಜುನಪ್ಪನವರಿಗೆ ಬಲು ಸಂತೋಷ. ಮಕ್ಕಳ ಗದ್ದಲವೂ ಚೆನ್ನಾಗಿದೆ, ಯಾರು ಎಲ್ಲಿದ್ದಾರೆಂದು ತಿಳಿಯುತ್ತದೆ.

ಹಿಂದಿನ ಕೋಣೆಗೆ ಬಲಗಾಲಿಟ್ಟು ನಾನೂ ಹೋದೆ. ಕೋಣೆ ಚಿಕ್ಕದು, ಕಿಟಕಿಯಿಂದ ಗಾಳಿ ಬಹಳ. ಇಷ್ಟು ದಿನ ಇವರು ಇದರಲ್ಲಿ ಹೇಗಿದ್ದರೋ, ಒಂದು ಮಾತೂ ಆಡಲಿಲ್ಲ. ಮೂಲೆಯಲ್ಲಿ ನನಗೊಂದು ಒಲೆ ಹಾಕಿದ್ದಾರೆ. ಕೆಂಡ ಹುಚ್ಚಮ್ಮನ ಒಲೆಯಿಂದ ಬಂತು. ಒಲೆ ಬೇರೆಯಾದರೂ ಬೆಂಕಿ ಒಂದೇ, ಅದಕ್ಕೆ ಯಾರೇನು ಮಾಡಲಾಗುತ್ತದೆ?

ಹೊಸದಾಗಿ ಬಂದವಳು ನಾನಾದ್ದರಿಂದ ಹಾಲು ನಾನೇ ಇಡಬೇಕೆಂದು ಹುಚ್ಚಮ್ಮ ಹಟ ಹಿಡಿದಳು. ಇಟ್ಟೆ. ಕರಿಬಸಮ್ಮನೂ ಬಂದು ಬಾಗಿಲಲ್ಲಿ ನಿಂತಿದ್ದರು. ಮೂಡಲಿಗೆ ಉಕ್ಕಿದರೆ ಆ ಮನೆಯಲ್ಲಿ ನೆಲೆಯಾಗಿ ನಿಲ್ಲುತ್ತಾರೆ, ಪಡುವಲಿಗೆ ಉಕ್ಕಿದರೆ ನಿಲ್ಲುವುದಿಲ್ಲ ಎನ್ನುತ್ತಾರೆ. 

“ಉಕ್ತಾ ಐತೆ ಅಮ್ನೋರೆ, ಉಕ್ತಾ ಐತೆ! ಕೈ ಮುಗೀರಿ!”

ಕೈ ಮುಗಿದೆ. ಕೆಂಡದ ಮೇಲೆ ಹಾಲು ಚುಂಯ್ ಎಂದಿತು. ನನಗೆ ಕಂಡದ್ದು ಬರಿಯ ಬಿಳುಪು.

“ಯಾವ ಕಡೀಕೆ ಉಕ್ಕಿತೇ?”

“ಮೂಡ್ಲಿಗೇ ಅಮ್ನೋರೆ!”

ಕರಿಬಸಮ್ಮ ಸುಳ್ಳು ಅರಿಯದ ಹೆಂಗಸು. “ಅಲ್ಲ ಹುಚ್ಚಮ್ಮ, ಪಡುವ್ಲಿಗಲ್ವಾ ಉಕ್ಕಿದ್ದು?” ಎಂದರು.

 ಹುಚ್ಚಮ್ಮ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು.

“ಕರಿಬಸಮ್ಮ, ನೀವು ಈ ಮನೆಗೆ ಹೊಸಬರು” ಎಂದೆ. “ಇಲ್ಲಿ ಮೂಡ್ಲು ಯಾವ್ದು, ಪಡುವ್ಲು ಯಾವ್ದು ಅಂತ ಹುಚ್ಚಮ್ಮಂಗೆ ಗೊತ್ತು.”

ಮೂಡಲಿಗೇ ಉಕ್ಕಿತು.